ಕೊಟ್ಟ ಅಧಿಕಾರವೂ ಕೇಳಿದ ಸಮ್ಮತಿಯೂ

ಒಬ್ಬನು ತನ್ನ ಅಧಿಕಾರದಲ್ಲಿ ಒಂದು ಭಾಗವನ್ನು ಮತ್ತೊಬ್ಬನಿಗೆ ಕೊಟ್ಟನೆಂದು ಇಟ್ಟುಕೊಳ್ಳೋಣ. ಕೊಟ್ಟ ಮೇಲೆ ಅದು ಯಾರದು? ಬೇಕಾದಾಗ ಹಿಂದಕ್ಕೆ ತೆಗೆದುಕೊಳ್ಳಬಹುದಾದರೆ ಅದನ್ನು ಕೊಟ್ಟನೆಂದು ಹೇಳುವುದು ಸರಿಯೆ? ತೆಗೆದುಕೊಳ್ಳಲಾರನೆಂದರೆ, ಮನೆಯಲ್ಲಿಯಾಗಲಿ ರಾಜ್ಯದಲ್ಲಿಯಾಗಲಿ ಕಡೆಯ ಮಾತು ಯಾರದೆಂಬುದೇ ತಿಳಿಯದೆ ಹೋಗುವುದಿಲ್ಲವೆ? ಪ್ರಶ್ನೆಯು ಹಳೆಯದು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ, ಕೊಟ್ಟುದನ್ನು ಹಿಂತೆಗೆದುಕೊಳ್ಳುವುದರಿಂದ ಹುಟ್ಟುವ ವಿವಾದಕ್ಕೇ ಒಂದು ಪದವು ಮೀಸಲಾಗಿದೆ. ಪಾಠಶಾಲೆಯಲ್ಲಿ ಅದನ್ನು ಓದುತ್ತಿದ್ದಾಗ, ಇದು ದನಕರು ಹೊಲಮನೆಗಳ ಮಾತೆಂದು ನಾವು ಹುಡುಗರು ತಿಳಿದಿದ್ದೆವು. ಅಧಿಕಾರವೂ ಕೊಡತಕ್ಕ ವಸ್ತುಗಳಲ್ಲೊಂದು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಅದೂ ದೂರದೇಶದ ಒಂದು ಶಾಸನಸಭೆಯ ಒಂದು ದಿನದ ನಡವಳಿಕೆಯನ್ನು ಓದಿದ ಮೇಲೆ.

ಆ ಸಭೆಯು ಸ್ಕಾಟ್ಲೆಂಡಿನದು. ದಿನವು 2018ನೆಯ ಇಸವಿಯ ಮೇ 15, ಮಂಗಳವಾರ. ವಾಚಕರಲ್ಲಿ ಹಲವರಿಗೆ ಆ ತಾರೀಖು ಬೇರೊಂದು ಕಾರಣದಿಂದ ನೆನಪಿರಬಹುದು. ಅಂದು ನಮ್ಮ ಕರ್ನಾಟಕದ ವಿಧಾನಸಭೆಯ ಚುನಾವಣೆಯ ಮತಗಳ ಎಣಿಕೆ ನಡೆದು, ಯಾವ ಪಕ್ಷಕ್ಕೂ ಬಹುಮತವು ಬಾರದೆ, ಮನೆಮನೆಯ ಜಗಲಿಯಲ್ಲಿಯೂ ಅಂಕಿಗಳ ಮಾತೇ ಮಾತಾಗಿತ್ತು. ಅದೇ ಮಧ್ಯಾಹ್ನ ಎಡಿನ್‌ಬರೋ ನಗರದಲ್ಲಿ ಮತ್ತೊಂದು ಎಣಿಕೆಗೆ ಸಿದ್ಧತೆ ನಡೆಯುತ್ತಿತ್ತೆಂಬುದು ನಮ್ಮಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಬೀಳದಿದ್ದುದರಲ್ಲಿ ತಪ್ಪೇನೂ ಇಲ್ಲ.

ಆ ಸಭೆಯ ಹುಟ್ಟನ್ನು ಸ್ವಲ್ಪ ಹೇಳಬೇಕು. ಸ್ಕಾಟ್ಲೆಂಡಿಗೆ ಹಿಂದೆ ತನ್ನದೇ ಆದ ಪಾರ್ಲಿಮೆಂಟು ಇದ್ದು, 1707ರಲ್ಲಿ ಅದು ಇಂಗ್ಲೆಂಡಿನದರೊಡನೆ ಕೂಡಿಹೋಯಿತು. ಸುಮಾರು ಮುನ್ನೂರು ವರ್ಷಗಳ ಮೇಲೆ, 1997ರ ಸೆಪ್ಟೆಂಬರಿನಲ್ಲಿ ಜನರನ್ನೇ ಕೇಳಲಾಗಿ, ನೂರಕ್ಕೆ ಎಪ್ಪತ್ತನಾಲ್ಕರಷ್ಟು ಮಂದಿ ತಮಗೊಂದು ಸಭೆ ಬೇಕೆಂದರು. ಲಂಡನ್ನಿನ ಪಾರ್ಲಿಮೆಂಟು 1998ರಲ್ಲಿ ಕಾಯಿದೆಯನ್ನು ಮಾಡಿತು. 1999ರಲ್ಲಿ ಹೊಸ ಸಭೆಯು ಕೂಡಿತು. ವಿದ್ಯೆ, ಆರೋಗ್ಯ, ಬೇಸಾಯ, ನ್ಯಾಯಾಡಳಿತ ಮೊದಲಾದ ವಿಷಯಗಳು ಅದರ ವಶಕ್ಕೆ ಬಂದವು. ಇಂತಹ ಸಭೆಯನ್ನು ದತ್ತಾಧಿಕಾರದ ಸಭೆಯೆಂದು ಕರೆಯಬಹುದು. ಕೊಟ್ಟವರು ಲಂಡನ್ನಿನವರು, ಪಡೆದವರು ಎಡಿನ್‌ಬರೋದವರು. ಆದರೆ ಕೊಟ್ಟ ಕಾಯಿದೆಯಲ್ಲಿಯೇ, 28ನೆಯ ಪ್ರಕರಣದ 7ನೆಯ ಉಪಪ್ರಕರಣದಲ್ಲಿ, ಸ್ಕಾಟ್ಲೆಂಡಿಗಾಗಿ ಶಾಸನ ಮಾಡುವ ಲಂಡನ್ನಿನ ಅಧಿಕಾರಕ್ಕೆ ಇದರಿಂದ ಯಾವ ಕುಂದೂ ಇಲ್ಲವೆಂದು ಬರೆದಿದೆ. ಬೀಗದ ಕೈಯನ್ನು ಕೊಟ್ಟು, ಅದರದೇ ಇನ್ನೊಂದು ಪ್ರತಿಯನ್ನು ಸೊಂಟದಲ್ಲಿಟ್ಟುಕೊಂಡ ಹಾಗೆ.

ಈ ಎರಡನೆಯ ಬೀಗದ ಕೈಯನ್ನು ಕಂಡು ಅನುಮಾನ ಪಟ್ಟವರಿಗೆ ಸಮಾಧಾನವನ್ನು ಹೇಳಿದವರು ಲಾರ್ಡ್ ಸ್ಯೂಯಲ್ ಎಂಬ ಮಂತ್ರಿಗಳು. ದತ್ತವಾದ ವಿಷಯಗಳಲ್ಲಿ ಸ್ಕಾಟ್ಲೆಂಡಿನ ಸಭೆಯ ಸಮ್ಮತಿಯಿಲ್ಲದೆ ಲಂಡನ್ನಿನವರು ಸಾಮಾನ್ಯವಾಗಿ ಶಾಸನ ಮಾಡಲಾರರೆಂಬ ರೂಢಿಯು ಬೆಳೆಯುವುದೆಂದು ಅವರು 1998ರ ಜುಲೈಯಲ್ಲಿ ಪ್ರಭುಗಳ ಸಭೆಯಲ್ಲಿ ಹೇಳಿದರು. ರೂಢಿಯು ಬೆಳೆಯಿತು, ಅವರ ಹೆಸರನ್ನೂ ಪಡೆಯಿತು. 2016ರಲ್ಲಿ ಕಾಯಿದೆಯೊಳಗೇ ಸೇರಿತು. ಆದರೆ ಸೇರುವಾಗ ‘ಸಾಮಾನ್ಯವಾಗಿ’ ಎಂಬ ಶಬ್ದವನ್ನು ಕೈಬಿಡದೆ ಸೇರಿತು. ವ್ಯಾಕರಣವನ್ನು ಓದಿದವರಿಗೆ ಈ ಶಬ್ದವು ಹಲ್ಲಿಗೆ ಸಿಕ್ಕಿದ ಕಲ್ಲಿನಂತೆ. ನಮ್ಮಲ್ಲಿ ಉತ್ಸರ್ಗವೆಂದೂ ಅಪವಾದವೆಂದೂ ಎರಡುಂಟು. ಉತ್ಸರ್ಗವು ಎಲ್ಲೆಡೆಯೂ ನಡೆಯುವ ವಿಧಿ. ಅಪವಾದವು ಅದನ್ನು ತಡೆಯುವ ವಿಶೇಷವಿಧಿ. ಆದರೆ ಅಪವಾದಕ್ಕೂ ತನ್ನದೊಂದು ಸೂತ್ರವಿರಬೇಕು. ಇಲ್ಲಿ, ಇಂತಹ ಕಡೆ, ಹೀಗೆ ಎಂದು ಅದು ಬಾಯಿಬಿಟ್ಟು ಹೇಳಬೇಕು. ಮಾತನಾಡುವವನು ತನಗೆ ತೋರಿದಾಗಲೆಲ್ಲ ‘ಇದು ಅಪವಾದ’ ಎಂದುಬಿಡುವುದಾದರೆ ಸೂತ್ರಗಳು ಏತಕ್ಕೆ? ಲಂಡನ್ನಿನ ಶ್ರೇಷ್ಠ ನ್ಯಾಯಸ್ಥಾನವು 2017ರ ಜನವರಿಯಲ್ಲಿ ಈ ರೂಢಿಯನ್ನು ವಿಚಾರಿಸಿ, ಇದು ರಾಜಕೀಯದ ಮರ್ಯಾದೆಯೇ ಹೊರತು ನ್ಯಾಯಾಧೀಶರು ನಡೆಸಿಕೊಡತಕ್ಕ ವಿಧಿಯಲ್ಲವೆಂದು ತೀರ್ಮಾನಿಸಿತು. ಆ ತೀರ್ಮಾನವು ಸರಿಯೆಂದೇ ನನ್ನ ಅಭಿಪ್ರಾಯ. ನ್ಯಾಯಸ್ಥಾನದಿಂದ ದಾಟಿದ ವಿಷಯವು ಧರ್ಮದ ಕ್ಷೇತ್ರಕ್ಕೆ ಬಂದು ನಿಂತಿತು. ಅಲ್ಲಿ ಅದನ್ನು ವಿಚಾರಿಸಲು ನಮ್ಮಂತಹವರಿಗೂ ಅಡ್ಡಿಯಿಲ್ಲ.

ಈಗ ಆ ಮಂಗಳವಾರಕ್ಕೆ ಬರೋಣ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪಕ್ಷಗಳೆರಡೂ ಎದುರುಬದುರಾಗಿ, ಕಾದಾಟಕ್ಕೆ ನಿಂತ ಪಡೆಗಳಂತೆ ಕುಳಿತುಕೊಳ್ಳುವುದು ವಾಡಿಕೆ. ಹಾಲಿರೂಡಿನಲ್ಲಿರುವ ಸ್ಕಾಟ್ಲೆಂಡಿನ ಸಭಾಭವನದಲ್ಲಿ 129 ಸದಸ್ಯರ ಪೀಠಗಳೂ ಅರ್ಧಚಂದ್ರದ ಆಕಾರದಲ್ಲಿ ಇವೆ. ಸಭೆಯ ಬೆಳ್ಳಿಯ ದಂಡದ ಮೇಲೆ ವಿವೇಕ, ನ್ಯಾಯ, ಕರುಣೆ, ಪ್ರಾಮಾಣಿಕತೆ ಎಂಬ ನಾಲ್ಕು ಶಬ್ದಗಳನ್ನು ಕೆತ್ತಿದ್ದಾರೆ. ಅಧ್ಯಕ್ಷರಾದವರು ಆ ಪೀಠವನ್ನು ಏರುವಾಗ ತಮ್ಮ ಪಕ್ಷವನ್ನು ಬಿಟ್ಟೇ ಏರಬೇಕು. ಮಂಗಳವಾರಗಳಂದು ಮಧ್ಯಾಹ್ನದ ಕಲಾಪವು ಕೆಲವು ನಿಮಿಷಗಳ ಚಿಂತನದಿಂದ ಆರಂಭವಾಗುವುದು. ಯಾವ ಮತದವರಾದರೂ, ಮತವಿಲ್ಲದವರಾದರೂ ಬಂದು ಸಭೆಯನ್ನು ಉದ್ದೇಶಿಸಿ ನಾಲ್ಕು ಮಾತನ್ನು ಆಡಬಹುದು. ಆಮೇಲೆ ಪ್ರಶ್ನೋತ್ತರಗಳು, ಆಮೇಲೆ ದಿನದ ಮುಖ್ಯ ವಿಷಯದ ಚರ್ಚೆ. ಚರ್ಚೆಯು ಮುಗಿದೊಡನೆ ಮತ ಹಾಕುವ ಪದ್ಧತಿಯಿಲ್ಲ. ಸಾಮಾನ್ಯವಾಗಿ ಸಂಜೆ ಐದು ಗಂಟೆಗೆ ನಿರ್ಣಯದ ಹೊತ್ತೆಂದು ಒಂದು ಕಾಲವನ್ನು ಗೊತ್ತುಮಾಡಿ, ಅಂದಿನ ಪ್ರಶ್ನೆಗಳನ್ನೆಲ್ಲ ಒಂದಾದಮೇಲೊಂದರಂತೆ ಇಟ್ಟು, ಮತ ತೆಗೆದುಕೊಳ್ಳುವರು; ಆ ಕಾಲದಲ್ಲಿ ಮೇಜಿನ ಮೇಲಿನ ಗುಂಡಿಯನ್ನು ಒತ್ತಿ ಮತ ಕೊಡುತ್ತಿದ್ದರು. ಯಾರು ಹೇಗೆ ಮತ ಕೊಟ್ಟರೆಂಬುದು ಹೆಸರುಸಹಿತ ಅಚ್ಚಾಗುವುದು. ಮಾತಿಗೂ ಮತಕ್ಕೂ ನಡುವೆ ಸ್ವಲ್ಪ ತೆರಪಿರುವುದು ನನಗೆ ಮೆಚ್ಚಿಗೆಯಾಯಿತು. ಕೋಪದಲ್ಲಿ ಆಡಿದ ಮಾತು ಕೋಪದಲ್ಲಿಯೇ ನಿರ್ಣಯವಾಗದಿರಲು ಅದು ಒಂದು ಉಪಾಯ.

ಅಂದಿನ ವಿಷಯವೇನೆಂದರೆ, 2016ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಜನರು ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು ಅಲ್ಪ ಬಹುಮತದಿಂದ ತೀರ್ಮಾನಿಸಿದ್ದರು. ಸ್ಕಾಟ್ಲೆಂಡಿನವರಲ್ಲಿ ನೂರಕ್ಕೆ 62 ಮಂದಿ ಬಿಡಬಾರದೆಂದಿದ್ದರೂ, ಲೆಕ್ಕವು ಒಟ್ಟು ದೇಶದ್ದಾಗಿತ್ತು. ಒಕ್ಕೂಟವನ್ನು ಬಿಟ್ಟ ಮೇಲೆ, ಅದುವರೆಗೆ ಅದರ ಕೈಯಲ್ಲಿದ್ದ ಅಧಿಕಾರಗಳು ಹಿಂದಿರುಗಿ ಬರಬೇಕಷ್ಟೆ. ಬೇಸಾಯದ ಸಹಾಯಧನ, ಮೀನುಗಾರಿಕೆ, ಆಹಾರದ ಪೊಟ್ಟಣಗಳ ಮೇಲಿನ ಚೀಟಿ, ರಾಸಾಯನಿಕಗಳು, ಪಶುಗಳ ಆರೋಗ್ಯ ಇವೇ ಮೊದಲಾದವು ದತ್ತ ವಿಷಯಗಳಾದುದರಿಂದ ನೇರವಾಗಿ ನಮ್ಮಲ್ಲಿಗೇ ಬರತಕ್ಕವೆಂದು ಎಡಿನ್‌ಬರೋದವರ ವಾದ. ಲಂಡನ್ನಿನವರು 24 ವಿಷಯಗಳ ಒಂದು ಪಟ್ಟಿಯನ್ನು ಮಾಡಿ, ಒಂದೇ ದ್ವೀಪದ ಪೇಟೆಯಲ್ಲಿ ಊರಿಗೊಂದು ನಿಯಮವಾದರೆ ವ್ಯಾಪಾರವು ಕೆಡುವುದು, ಆದುದರಿಂದ ಇವುಗಳಲ್ಲಿ ಎಲ್ಲರಿಗೂ ಒಂದೇ ಚೌಕಟ್ಟು ಬೇಕಾಗಬಹುದು, ಅದು ಏರ್ಪಡುವವರೆಗೆ ಇವನ್ನು ಕೆಲವು ವರ್ಷ ಇದ್ದಂತೆ ತಡೆದಿಡುವ ಅಧಿಕಾರವು ನಮ್ಮ ಮಂತ್ರಿಗಳಿಗಿರಲಿ ಎಂದರು. ಚೌಕಟ್ಟು ಬೇಡವೆಂದು ಎಡಿನ್‌ಬರೋದವರೂ ಹೇಳಲಿಲ್ಲ. ನಮ್ಮ ಸಮ್ಮತಿಯಿಂದ ಆಗಲೆಂದು ಮಾತ್ರ ಹೇಳಿದರು. ಜಗಳವು ಇಷ್ಟೇ, ಒಂದು ಶಬ್ದದ್ದು.

ಆ ಶಬ್ದಕ್ಕೆ ಮಸೂದೆಯಲ್ಲಿ ಒದಗಿದ ಗತಿಯನ್ನು ನೋಡಿ ನಾನು ಕನ್ನಡಕವನ್ನು ಒರಸಿಕೊಂಡು ಎರಡನೆಯ ಸಲ ಓದಿದೆನು. ತಡೆದಿಡುವ ನಿಯಮವನ್ನು ಮಾಡುವ ಮೊದಲು ಆಯಾ ಸಭೆಯ ‘ಸಮ್ಮತಿ ನಿರ್ಣಯ’ವು ಆಗಬೇಕೆಂದು ಹೇಳಿ, ಸಮ್ಮತಿ ನಿರ್ಣಯವೆಂದರೇನೆಂಬುದನ್ನು ವಿವರಿಸಿದ್ದಾರೆ. ಒಪ್ಪಿದೆವೆಂಬ ನಿರ್ಣಯವೂ ಸಮ್ಮತಿ ನಿರ್ಣಯ. ಒಪ್ಪುವುದಿಲ್ಲವೆಂಬ ನಿರ್ಣಯವೂ ಸಮ್ಮತಿ ನಿರ್ಣಯ. ನಲವತ್ತು ದಿನ ಸುಮ್ಮನಿದ್ದರೆ ಮುಂದಿನ ಕೆಲಸಕ್ಕೆ ಅಡ್ಡಿಯಿಲ್ಲ. ಒಪ್ಪಿಗೆಯಿಲ್ಲದೆ ನಡೆದರೆ ಅದಕ್ಕೆ ಕಾರಣವನ್ನು ಮಂತ್ರಿಗಳು ತಮ್ಮ ಪಾರ್ಲಿಮೆಂಟಿಗೆ ತಿಳಿಸಬೇಕೆಂಬ ಕಟ್ಟೊಂದು ಉಂಟೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಶಾಸ್ತ್ರಕಾರರು ತಮ್ಮ ಸಂಜ್ಞೆಗಳಿಗೆ ಇಷ್ಟಬಂದ ಅರ್ಥವನ್ನು ಇಡಬಹುದು. ಪಾಣಿನಿಯ ‘ವೃದ್ಧಿ’ಯಲ್ಲಿ ಬೆಳೆಯುವ ವಸ್ತುವೇನೂ ಇಲ್ಲ. ಆದರೂ ‘ಬೇಡ’ವೆಂಬುದನ್ನು ‘ಬೇಕು’ ಎಂಬುದರ ಹೊಟ್ಟೆಯೊಳಗೆ ಇಟ್ಟ ಸಂಜ್ಞೆಯನ್ನು ನಾನು ಬೇರೆಲ್ಲಿಯೂ ಕಾಣೆ.

ಸಂಜೆ ಮತವನ್ನೆಣಿಸಿದಾಗ, ಸಮ್ಮತಿಯನ್ನು ಕೊಡುವುದಿಲ್ಲವೆಂಬ ನಿರ್ಣಯಕ್ಕೆ 93 ಮತಗಳೂ ಅದಕ್ಕೆ ವಿರೋಧವಾಗಿ 30 ಮತಗಳೂ ಬಂದವು. ಆ 93ರಲ್ಲಿ ಸ್ವಾತಂತ್ರ್ಯವನ್ನು ಬಯಸುವ ರಾಷ್ಟ್ರೀಯ ಪಕ್ಷದವರೊಬ್ಬರೇ ಇರಲಿಲ್ಲ. ಇಂಗ್ಲೆಂಡಿನ ಸಂಗಡ ಕೂಡಿಯೇ ಇರಬೇಕೆನ್ನುವ ಲೇಬರ್ ಪಕ್ಷದವರೂ ಲಿಬರಲ್ ಡೆಮೊಕ್ರಾಟರೂ ಇದ್ದರು. ವಿರೋಧವಾಗಿ ನಿಂತವರು ಕನ್ಸರ್ವೇಟಿವ್ ಪಕ್ಷದವರು ಮಾತ್ರ.

ವಿಚಿತ್ರವೆಂದರೆ, ಅದೇ ದಿನ ಕಾರ್ಡಿಫ್ ನಗರದಲ್ಲಿ ವೇಲ್ಸ್ ದೇಶದ ಸಭೆಯು ಅದೇ ಮಸೂದೆಗೆ 46ಕ್ಕೆ 9 ಮತಗಳಿಂದ ಸಮ್ಮತಿಯನ್ನು ಕೊಟ್ಟಿತು. ಅಲ್ಲಿಯ ಸರ್ಕಾರವು ಏಪ್ರಿಲ್ ತಿಂಗಳಲ್ಲಿಯೇ ಲಂಡನ್ನಿನೊಡನೆ ಒಪ್ಪಂದಕ್ಕೆ ಬಂದಿತ್ತು. ಮೂರನೆಯದಾದ ಉತ್ತರ ಐರ್ಲೆಂಡಿನ ಸಭೆಯೋ, ತನ್ನೊಳಗಿನ ಪಕ್ಷಗಳ ಕಲಹದಿಂದ 2017ರ ಜನವರಿಯಿಂದ ಸ್ತಬ್ಧವಾಗಿತ್ತು. ಒಬ್ಬರು ‘ಬೇಡ’ವೆಂದರು, ಒಬ್ಬರು ‘ಆಗಲಿ’ ಎಂದರು, ಒಬ್ಬರಿಗೆ ಬಾಯಿಯೇ ಇರಲಿಲ್ಲ. ಮೂವರಿಗೂ ಒಂದೇ ಕಾಯಿದೆಯು ಬಂದಿತು. ಜೂನ್ ತಿಂಗಳಲ್ಲಿ ಲಂಡನ್ನಿನ ಜನಪ್ರತಿನಿಧಿಗಳ ಸಭೆಯಲ್ಲಿ ಈ ಭಾಗದ ಚರ್ಚೆಗೆ ಅರ್ಧ ಗಂಟೆಯೂ ದೊರೆಯಲಿಲ್ಲ; 26ನೆಯ ತಾರೀಖು ರಾಣಿಯವರ ಅಂಕಿತವಾಯಿತು. ಇದಾದ ಕೆಲವೇ ದಿನಗಳ ಮೇಲೆ, ಜುಲೈ 4ರಂದು, ತಮಗೆ ತಕ್ಕ ಸರ್ಕಾರವನ್ನು ಆರಿಸಿಕೊಳ್ಳುವ ಪರಮಾಧಿಕಾರವು ಸ್ಕಾಟ್ಲೆಂಡಿನ ಜನರದೇ ಎಂಬ 1989ರ ಘೋಷಣೆಯನ್ನು ಅದೇ ಸಭೆಯು ಎದುರುಮತವಿಲ್ಲದೆ ಅನುಮೋದಿಸಿತು.

ಈ ಕಡೆಯ ಸಂಗತಿಯೇ ನನ್ನನ್ನು ವಿಜ್ಞಾನೇಶ್ವರನ ಬಳಿಗೆ ಕರೆದೊಯ್ದದ್ದು. ಆತನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕುಳಿತು ಮಿತಾಕ್ಷರವನ್ನು ಬರೆದವನು. ತಂದೆಯ ಆಸ್ತಿಯಲ್ಲಿ ಮಗನಿಗೆ ಸ್ವತ್ವವು ಹುಟ್ಟುವುದೆಂದು? ಬಂಗಾಳದ ಜೀಮೂತವಾಹನನು, ತಂದೆಯ ಸ್ವತ್ವವು ಅಳಿದ ಮೇಲೆ ಎಂದನು. ವಿಜ್ಞಾನೇಶ್ವರನು, ಮಗನು ಹುಟ್ಟಿದಾಗಲೇ ಎಂದನು. ಲಂಡನ್ನಿಗೂ ಎಡಿನ್‌ಬರೋಗೂ ಇರುವ ವಿವಾದದ ಬೇರು ಇದೇ. ಅಧಿಕಾರವು ಪಾರ್ಲಿಮೆಂಟಿನ ದಾನದಿಂದ ಬಂದುದೆಂದು ಕಾಯಿದೆಯ ಮಾತು. ಅದು ಜನರೊಡನೆಯೇ ಹುಟ್ಟಿದ್ದು, ಕಾಯಿದೆಯು ಅದನ್ನು ಗುರುತಿಸಿತಷ್ಟೆ ಎಂದು ಘೋಷಣೆಯ ಮಾತು. ಎರಡನ್ನೂ ಒಂದೇ ಸಭೆಯು ಒಪ್ಪಿಕೊಂಡಿದೆ.

ಮಗನ ಸ್ವತ್ವವು ಹುಟ್ಟಿನಿಂದಲೇ ಬಂದಿತೆಂದ ವಿಜ್ಞಾನೇಶ್ವರನು ಮನೆಯ ಹಿರಿಯನ ಕೈಯನ್ನು ಕಟ್ಟಿಹಾಕಲಿಲ್ಲ. ಅವಿಭಕ್ತವಾದ ಸ್ಥಿರಾಸ್ತಿಯನ್ನು ಒಬ್ಬನೇ ಮಾರಬಹುದಾದ ಸಂದರ್ಭಗಳನ್ನು ಅವನು ಒಪ್ಪುತ್ತಾನೆ. ಆದರೆ ಅವನ್ನು ಹೆಸರಿಟ್ಟು ಹೇಳುತ್ತಾನೆ: ಆಪತ್ಕಾಲದಲ್ಲಿ, ಕುಟುಂಬದ ಪೋಷಣೆಗಾಗಿ, ಬಿಡಲಾಗದ ಧರ್ಮಕಾರ್ಯಕ್ಕಾಗಿ. ಅಷ್ಟಕ್ಕೂ, ಉಳಿದವರು ಇನ್ನೂ ಚಿಕ್ಕವರಾಗಿದ್ದು ಸಮ್ಮತಿಯನ್ನು ಕೊಡಲು ಶಕ್ತರಲ್ಲದಿರುವಾಗ. ಇದೇ ಅಪವಾದಕ್ಕಿರಬೇಕಾದ ಸೂತ್ರ. ಬಾಯಿಲ್ಲದಿದ್ದ ಐರ್ಲೆಂಡಿನ ಸಭೆಯ ವಿಷಯದಲ್ಲಿ ಲಂಡನ್ನಿನವರು ಈ ವಚನದ ನೆರಳಿನಲ್ಲಿ ನಿಲ್ಲಬಹುದಾಗಿತ್ತು. ಒಕ್ಕೂಟವನ್ನು ಬಿಡುವುದು ಆಪತ್ಕಾಲಕ್ಕೆ ಸಮಾನವೆಂದೂ ಒಬ್ಬರು ವಾದಿಸಬಹುದು; ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನಾಲ್ಕು ಮಂದಿಯಿರುವ ಮನೆಯಲ್ಲಿ ಒಬ್ಬನ ‘ಬೇಡ’ದಿಂದ ಒಲೆಯೇ ಹೊತ್ತದೆ ಹೋಗಬಾರದು. ಆದರೆ ಪ್ರಾಪ್ತವಯಸ್ಕನಾದವನು ಎದುರಿಗೆ ನಿಂತು ಬೇಡವೆಂದಾಗ ಏನು? ಸಮ್ಮತಿಯನ್ನು ಕೇಳಲೇಬಾರದಾಗಿತ್ತೆಂದೂ ನಾನು ಹೇಳೆನು, ಬೇಡವೆಂದ ಮೇಲೆ ಎಂದಿಗೂ ಮುಂದುವರಿಯಬಾರದೆಂದೂ ಹೇಳೆನು. ಮುಂದುವರಿಯುವುದೆಂದು ಮೊದಲೇ ನಿಶ್ಚಯಿಸಿಕೊಂಡು ಕೇಳುವುದಿದೆಯಲ್ಲ, ಅದು ಮಾತ್ರ ಅನೃತ. ಕೇಳುವುದೆಂದರೆ ಎರಡು ಉತ್ತರಗಳಿಗೂ ಬಾಗಿಲನ್ನು ತೆರೆದಿಡುವುದು. ಒಂದು ಬಾಗಿಲಿಗೆ ಒಳಗಿನಿಂದ ಅಗಣಿ ಹಾಕಿ ಎರಡನ್ನೂ ತೋರಿಸುವವನು ಬಾಯಿಂದ ಸುಳ್ಳಾಡದೆಯೇ ಸುಳ್ಳಾಡಿದಂತಾಗುವುದು.

ಇದನ್ನು ಇಷ್ಟು ಧೈರ್ಯವಾಗಿ ಬರೆಯಲು ನನಗೆ ಒಂದು ಕಾರಣವಿದೆ, ಅದು ಹೆಮ್ಮೆಪಡತಕ್ಕದ್ದಲ್ಲ. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಮನೆಯ ಬೀಗದ ಕೈಯನ್ನೂ ತೋಟದ ಲೆಕ್ಕವನ್ನೂ ಹಿರಿಯ ಮಗನಿಗೆ ಒಪ್ಪಿಸಿದೆನು. ಒಪ್ಪಿಸಿದ ದಿನ ನಾಲ್ಕು ಜನರ ಎದುರಿಗೆ, ‘ಇನ್ನು ಎಲ್ಲವೂ ನಿನ್ನದೇ ಯಜಮಾನಿಕೆ’ ಎಂದು ಹೇಳಿದೆನು. ಎರಡು ವರ್ಷ ಅವನು ಚೆನ್ನಾಗಿಯೇ ನಡೆಸಿದನು. ಮೂರನೆಯ ವರ್ಷದ ಚೈತ್ರದಲ್ಲಿ ಮಾಡಿನ ಪಕಾಸಿಗಳು ಲಡ್ಡಾಗಿರುವುದು ನನಗೆ ಕಂಡಿತು. ಹಿತ್ತಲಿನಲ್ಲಿ ನಮ್ಮ ತಂದೆಯವರು ನೆಟ್ಟ ಹಲಸಿನ ಮರವಿತ್ತು. ನಾಟಾ ವ್ಯಾಪಾರಿಯೊಬ್ಬನು ಬಂದು ಒಳ್ಳೆಯ ಬೆಲೆಯನ್ನು ಹೇಳಿದನು. ನಾನು ಮುಂಗಡವನ್ನೂ ತೆಗೆದುಕೊಂಡೆನು. ಆ ಸಂಜೆ ಮಗನನ್ನು ಕರೆದು, ‘ಹಲಸಿನ ಮರವನ್ನು ಕೊಟ್ಟುಬಿಡೋಣವೆ?’ ಎಂದು ಕೇಳಿದೆನು. ಮುಂಗಡವು ಆಗ ನನ್ನ ಜೇಬಿನಲ್ಲಿತ್ತು. ಅವನು ಸ್ವಲ್ಪ ಯೋಚಿಸಿ, ‘ಬೇಡ ಅಪ್ಪಯ್ಯ. ಈ ಮಳೆಗಾಲಕ್ಕೆ ಹೇಗೋ ತೇಪೆ ಹಾಕೋಣ. ಅಡಿಕೆ ಕೊಟ್ಟ ಮೇಲೆ ಮಾಡನ್ನು ಪೂರ್ತಿ ಬಿಚ್ಚಿಸಿ ಮಾಡಿಸೋಣ. ಮರ ಹೋದರೆ ಮತ್ತೆ ಬರುವುದಿಲ್ಲ’ ಎಂದನು. ‘ನೋಡೋಣ’ ಎಂದೆನು. ನಾಲ್ಕನೆಯ ದಿನ ಗರಗಸದವರು ಬಂದರು.

ಅವನು ಒಂದು ಮಾತನ್ನೂ ಆಡಲಿಲ್ಲ. ಕೆಲಸದವರಿಗೆ ಮಜ್ಜಿಗೆಯನ್ನು ಅವನೇ ತಂದುಕೊಟ್ಟನು. ಆ ವರ್ಷ ಮಳೆಯು ಬಲವಾಗಿ ಹಿಡಿಯಿತು, ಮಾಡು ಸೋರಲಿಲ್ಲ, ನನ್ನ ಎಣಿಕೆಯೇ ಸರಿಯಾಯಿತೆಂದು ನಾನು ಮನೆಯಲ್ಲಿ ಎರಡು ಸಲ ಹೇಳಿಕೊಂಡೆನು. ಅದು ಸರಿಯಾಗಿಯೇ ಇತ್ತು. ಕೇಳದೆ ಕಡಿಸಿದ್ದರೆ ನಾನು ದುಡುಕಿದ ಮುದುಕನೆನ್ನಿಸಿಕೊಳ್ಳುತ್ತಿದ್ದೆ, ಮಗನು ಸಿಟ್ಟಾಗಿ ನಾಲ್ಕು ಮಾತನ್ನು ಆಡುತ್ತಿದ್ದ, ಅಲ್ಲಿಗೆ ತೀರುತ್ತಿತ್ತು. ಕೇಳಿ ಕಡಿಸಿದ್ದರಿಂದ ಆದುದು ಬೇರೆ. ಅಂದಿನಿಂದ ನಾನು ಏನನ್ನು ಕೇಳಿದರೂ, ‘ನಿಮಗೆ ಹೇಗೆ ಸರಿ ತೋರುತ್ತದೋ ಹಾಗೆ, ಅಪ್ಪಯ್ಯ’ ಎಂಬುದೇ ಅವನ ಉತ್ತರ. ಬೀಗದ ಕೈ ಮಾತ್ರ ಅವನ ಬಳಿಯಲ್ಲಿಯೇ ಇದೆ.

ಇನ್ನು, ಯಾರೂ ಲಕ್ಷಿಸದ ‘ಬೇಡ’ವನ್ನು ಹೇಳಿ ಫಲವೇನು ಎಂದು ಕೇಳುವವರುಂಟು. ಕುರುಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಹಿರಿಯರು ಸುಮ್ಮನಿದ್ದಾಗ ವಿಕರ್ಣನೊಬ್ಬನು ಎದ್ದು ಇದು ಅಧರ್ಮವೆಂದನು. ಕರ್ಣನು ಅವನನ್ನು ಹುಡುಗನೆಂದು ಗದರಿಸಿ ಕುಳ್ಳಿರಿಸಿದನು. ಆ ಕ್ಷಣದಲ್ಲಿ ಅವನ ಮಾತಿನಿಂದ ಏನೂ ನಿಲ್ಲಲಿಲ್ಲ. ಮೀನುಗಾರಿಕೆಯ ನಿಯಮಕ್ಕೂ ಆ ಘೋರಕ್ಕೂ ಹೋಲಿಕೆಯಿಲ್ಲವೆಂದು ನಾನು ಬಲ್ಲೆ. ಆದರೂ ಅವನು ಏಳದಿದ್ದರೆ, ಆ ಸಭೆಯು ಒಮ್ಮತದಿಂದ ಸುಮ್ಮನಿತ್ತೆಂಬ ಸುಳ್ಳು ನಿಲ್ಲುತ್ತಿತ್ತು. ‘ಬೇಡ’ವೆನ್ನುವವರಿಗೂ ಒಂದು ಧರ್ಮವುಂಟು: ಬೇಡವೆನ್ನುವುದರಲ್ಲಿಯೇ ಸುಖವನ್ನು ಕಾಣಬಾರದು. ರಾಷ್ಟ್ರೀಯ ಪಕ್ಷದವರಿಗೆ ಲಂಡನ್ನಿನೊಡನೆ ಜಗಳವಾದಷ್ಟೂ ಲಾಭವಲ್ಲವೆ ಎಂಬ ಶಂಕೆಯು ಅಂದೂ ಇತ್ತು, ನಿರಾಧಾರವೂ ಅಲ್ಲ. ಜಗಳವು ಬೇಡವಾದ ಪಕ್ಷಗಳೂ ಅವರ ಪಕ್ಕದಲ್ಲಿ ಕುಳಿತು ಅದೇ ಗುಂಡಿಯನ್ನು ಒತ್ತಿದ್ದರಿಂದ ಆ ಶಂಕೆಗೆ ನಾನು ಹೆಚ್ಚು ತೂಕವನ್ನು ಕೊಡಲಾರೆ.

ಆಮೇಲಿನ ಕಥೆಯನ್ನು ಹೇಳಿಬಿಡುತ್ತೇನೆ. ಅಷ್ಟು ಜಗಳಕ್ಕೆ ಕಾರಣವಾದ ತಡೆದಿಡುವ ಅಧಿಕಾರವನ್ನು ಲಂಡನ್ನಿನವರು ಒಮ್ಮೆಯೂ ಬಳಸಲಿಲ್ಲ. 2022ರಲ್ಲಿ ಅದು ತಾನಾಗಿಯೇ ಮುಗಿಯಿತು. ಆದರೆ 2020ರ ಜನವರಿಯಲ್ಲಿ, ಒಕ್ಕೂಟವನ್ನು ಬಿಡುವ ಒಪ್ಪಂದದ ಕಾಯಿದೆಗೆ ಸಮ್ಮತಿಯನ್ನು ಕೇಳಿದಾಗ, ಎಡಿನ್‌ಬರೋದವರು ಮತ್ತೆ ಬೇಡವೆಂದರು. ಆ ತಿಂಗಳು ತಾನೇ ಮತ್ತೆ ಬಾಯಿ ಬಂದಿದ್ದ ಐರ್ಲೆಂಡಿನ ಸಭೆಯೂ ಬೇಡವೆಂದಿತು. ಎರಡು ವರ್ಷದ ಹಿಂದೆ ‘ಆಗಲಿ’ ಎಂದಿದ್ದ ವೇಲ್ಸಿನವರೂ ಬೇಡವೆಂದರು. ಕಾಯಿದೆಯು ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ದೇಶದೊಳಗಿನ ಪೇಟೆಯನ್ನು ಕುರಿತ ಮತ್ತೊಂದು ಕಾಯಿದೆಯೂ ಹಾಗೆಯೇ ಆಯಿತು. ಇವೆಲ್ಲದರ ನಡುವೆ ಸಾಧಾರಣವಾದ ಮಸೂದೆಗಳಿಗೆ ಸಮ್ಮತಿಯ ನಿರ್ಣಯಗಳು ಹಾಲಿರೂಡಿಗೆ ಬರುತ್ತಲೇ ಇದ್ದವು, ಬಹುಪಾಲು ಚರ್ಚೆಯಿಲ್ಲದೆ ಒಪ್ಪಿಗೆಯನ್ನೂ ಪಡೆದವು. ಕೇಳುವ ವಾಡಿಕೆಯು ನಿಲ್ಲಲಿಲ್ಲ. ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯಬೇಕೋ ‘ನಿಮಗೆ ಹೇಗೆ ಸರಿ ತೋರುತ್ತದೋ ಹಾಗೆ’ ಎಂಬುದರ ಜಾತಿಗೆ ಸೇರಿಸಬೇಕೋ, ಹತ್ತಿರದಲ್ಲಿದ್ದು ನೋಡಿದವರು ಹೇಳಬೇಕು.

ಕಳೆದ ತಿಂಗಳು ಒಂದು ಹಲಸಿನ ಸಸಿಯನ್ನು ತಂದು, ಎಲ್ಲಿ ನೆಡೋಣವೆಂದು ಮಗನನ್ನು ಕೇಳಿದೆನು. ‘ನಿಮಗೆ ಸರಿ ಕಂಡ ಕಡೆ, ಅಪ್ಪಯ್ಯ’ ಎಂದನು. ಜಾಗವನ್ನು ನೀನೇ ಹೇಳಬೇಕು, ಹೇಳುವವರೆಗೆ ನಾನು ನೆಡುವುದಿಲ್ಲ, ಎಂದು ಹೇಳಿದ್ದೇನೆ. ಸಸಿಯು ಇನ್ನೂ ಬಾವಿಕಟ್ಟೆಯ ಪಕ್ಕದಲ್ಲಿ ಚೀಲದಲ್ಲಿಯೇ ಇದೆ. ನೀರನ್ನು ದಿನವೂ ಯಾರೋ ಹಾಕುತ್ತಿದ್ದಾರೆ, ನಾನಂತೂ ಅಲ್ಲ.